ಬಸ್ಸಿನ ಹೂವು ತಿಂದ ಕೋಳಿಗಳು

ಕೂಡ್ಲಿಗಿಯ ಗರಡಿಮನೆಯಲ್ಲಿ ಉಸ್ತಾದ್ ಓಬಳೇಶಪ್ಪನವರು ಒಂದು ಮೊಟ್ಟೆಯನ್ನು ತಟ್ಟೆಗೆ ಒಡೆದು, ಬಗ್ಗಿ ನೋಡಿ, ಮುಖ ಸಿಂಡರಿಸಿದರು.

"ಏನವ್ವ ಗಾದೆಮ್ಮ, ಇದು ಮೊಟ್ಟಿನೋ, ಜ್ವರ ಬಂದೋರ ಗಂಜಿನೋ? ಹಳದಿ ಎಲ್ಲೈತಿ ಇದ್ರಾಗ? ಇದನ್ನ ಕುಡಿದು ನಮ್ಮ ಹುಡುಗ್ರು ಮಣ್ಣಿಗಿಳಿದ್ರ ಆತು ಬಿಡು."

ಸುತ್ತ ನಿಂತಿದ್ದ ಪೈಲ್ವಾನರು ಕಿಸಕ್ಕನೆ ನಕ್ಕರು. ಗಾದೆಮ್ಮನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಸರ್ಕಾರದವರು ಕೊಟ್ಟ ಇಪ್ಪತ್ತು ಬಿಳಿ ಕೋಳಿ ಅವಳವು. ಆ ಮೊಟ್ಟೆಗಳಿಗೆ ಇದ್ದ ಗಟ್ಟಿ ಗಿರಾಕಿ ಅಂದರೆ ಈ ಗರಡಿಮನೆ ಒಂದೇ.

"ದೀಪಾವಳಿ ಪಾಡ್ಯಕ್ಕ ಹರಪನಹಳ್ಳಿಯೋರ ಜೋಡಿ ಕುಸ್ತಿ ಐತಿ. ಅಮಾಸಿ ದಿನ ತಗಂಡು ಬಾ. ಜವಾರಿ ಕೋಳಿ ಮೊಟ್ಟಿ ಹಂಗ ಬಣ್ಣ ಇದ್ರ ಸೈ, ಇಲ್ಲಾಂದ್ರ ನಿನ್ನ ಮೊಟ್ಟಿ ನಿನಗ," ಎಂದು ಉಸ್ತಾದರು ತೀರ್ಪು ಕೊಟ್ಟರು.

ಸುದ್ದಿ ಕೇಳಿ ಹಿಗ್ಗಿದವಳೆಂದರೆ ಅತ್ತೆ ಉಚ್ಚಂಗೆಮ್ಮ. ಹಿತ್ತಲ ಬೇವಿನ ಮರದ ಕೆಳಗೆ ನಲವತ್ತು ವರ್ಷ ಅವಳು ಮಲಗುವ ಹೊರಸು ಇತ್ತು. ಈಗ ಅಲ್ಲಿ ಕೋಳಿಗೂಡು ಇತ್ತು. ಹೊರಸು ಬಿಸಿಲಿಗೆ ಬಿದ್ದಿತ್ತು.

"ಕಾವಿಗೆ ಕೂಡಂಗಿಲ್ಲ, ಮರಿ ಮಾಡಂಗಿಲ್ಲ, ಇವೂ ಒಂದು ಕೋಳಿನಾ? ಸಂತಿಗೆ ಹೊಡಿ."

"ಅಮಾಸಿಗೆ ಉಸ್ತಾದ್ರು ಒಲ್ಲೆ ಅಂದ್ರ ನಾನಽ ಸಂತಿಗೆ ಒಯ್ತೀನಿ ಬಿಡ್ರಿ ಅತ್ತಿ," ಎಂದುಬಿಟ್ಟಳು ಗಾದೆಮ್ಮ. ಅಂದ ಮೇಲೆ ಯಾಕಾದರೂ ಅಂದೆನೋ ಅನ್ನಿಸಿತು. ಇಷ್ಟು ದಿನ ಯಾರದೋ ಮಗಳು, ಯಾರದೋ ಸೊಸೆ ಆಗಿದ್ದವಳು. 'ಗಾದೆಮ್ಮನ ಮೊಟ್ಟಿ' ಎಂದು ಊರು ಅವಳ ಹೆಸರು ಹಿಡಿದು ಕರೆದದ್ದು ಈ ಕೋಳಿಗಳಿಂದಲೇ.

ದನದ ಆಸ್ಪತ್ರೆಯ ಡಾಕ್ಟರು ದಾರಿ ಹೇಳಿದರು: "ಬಯಲಾಗ ಮೇಯೋ ಜವಾರಿ ಕೋಳಿ ಸೊಪ್ಪುಸದೆ ತಿಂತೈತಿ, ಅದಕ್ಕ ಹಳದಿ. ಗೂಡಿನ ಕೋಳಿಗೆ ನೀವಽ ತಂದು ಹಾಕ್ಬೇಕು. ನುಗ್ಗಿಸೊಪ್ಪು ಹಾಕ್ರಿ, ಚೆಂಡುಹೂವು ಒಣಗಿಸಿ ಹಾಕ್ರಿ. ಎಂಟ್ಹತ್ತು ದಿನ ತಡೀರಿ."

ನುಗ್ಗೆ ಮರವೇನೋ ಹಿತ್ತಲಲ್ಲೇ ಇತ್ತು. ಚೆಂಡುಹೂವನ್ನು ಮೂಟೆಗಟ್ಟಲೆ ತರುವುದೆಲ್ಲಿಂದ? ಆಯುಧಪೂಜೆಯ ಮರುದಿನ ಬಸ್ ನಿಲ್ದಾಣದ ಮುಂದೆ ಹಾದುಹೋಗುವಾಗ ಗಾದೆಮ್ಮ ನಿಂತಲ್ಲೇ ನಿಂತಳು. ಸಾಲಾಗಿ ನಿಂತಿದ್ದ ಬಸ್ಸುಗಳ ಕೊರಳಲ್ಲೆಲ್ಲ ಬಾಡಿದ ಚೆಂಡುಹೂವಿನ ಹಾರ! ಸೆರಗು ಸಿಕ್ಕಿಸಿಕೊಂಡು ಬಿಚ್ಚತೊಡಗಿದಳು.

"ಏನವ್ವ, ಬಸ್ಸಿಗೆ ದೃಷ್ಟಿ ತೆಗಿಯಾಕ ಬಂದೀಯೇನು?" ಎಂದ ಡ್ರೈವರ್.

"ಇಲ್ರೀ ಅಣ್ಣ, ಕೋಳಿಗೆ ಊಟ."

ಅವನು ನಕ್ಕೂ ನಕ್ಕೂ ಸುಸ್ತಾದ. ಆದರೆ ಸಂಜೆ ಹಡಗಲಿ ಬಸ್ಸಿನ ಕಂಡಕ್ಟರ್ ಅಲ್ಲಿನ ಹಾರಗಳನ್ನೂ ಗೋಣಿಚೀಲಕ್ಕೆ ತುಂಬಿ ತಂದುಕೊಟ್ಟ. ಗಾದೆಮ್ಮ ದಾರ ಬಿಚ್ಚಿ, ಕುಂಕುಮ ತೊಳೆದು, ಚಾಪೆಯ ಮೇಲೆ ಒಣಗಿಸಿ, ಪಕಳೆ ಉಜ್ಜಿ, ಜೋಳದ ನುಚ್ಚು ಶೇಂಗಾ ಹಿಂಡಿಯ ಜೊತೆ ಕಲಸಿ ಮಡಕೆಗೆ ತುಂಬಿದಳು.

ಎಂಟನೆಯ ದಿನ ಒಂದು ಮೊಟ್ಟೆ ಕೈಜಾರಿ ಒಡೆಯಿತು. ಒಳಗೆ ಹಳದಿ ಇಣುಕಿತ್ತು! "ಅತ್ತೀ, ನೋಡ್ ಬರ್ರಿ!" ಎಂದು ಕೂಗಿದಳು. ಉಚ್ಚಂಗೆಮ್ಮ ಬಂದು ನೋಡಿ, ಮೂತಿ ತಿರುವಿ ಒಳಗೆ ಹೋದಳು. ಆಮೇಲೆ ಇನ್ನೊಂದನ್ನು ಒಡೆದು ಹಾಳುಮಾಡಲು ಗಾದೆಮ್ಮನಿಗೆ ಮನಸ್ಸು ಬರಲಿಲ್ಲ. ಸಿಕ್ಕ ಮೊಟ್ಟೆಗಳನ್ನೆಲ್ಲ ಕೊಟ್ಟೂರಿನ ಸಂತೆಗೆ ಸಾಗಿಸುತ್ತ ಅಮಾವಾಸ್ಯೆಯ ದಾರಿ ಕಾದಳು. ಬೆಳಬೆಳಗ್ಗೆ ಅತ್ತೆ ಸೀನುವುದು ಕೇಳುತ್ತಿತ್ತು. ನೆಗಡಿ ಇರಬೇಕು ಅಂದುಕೊಂಡಳು.

ಅಮಾವಾಸ್ಯೆಯ ದಿನ ಗರಡಿಮನೆಗೆ ಉಚ್ಚಂಗೆಮ್ಮನೂ ಬಂದಳು. ತಮಾಷೆ ನೋಡುವುದಕ್ಕೆ ಅನ್ನುವುದು ಮುಖದಲ್ಲೇ ಬರೆದಿತ್ತು.

ಉಸ್ತಾದರು ಮೊಟ್ಟೆ ಒಡೆದರು. ತಟ್ಟೆಗೆ ಬಿದ್ದದ್ದು ಹಳದಿಯಲ್ಲ, ಕೆಂಪು! ಹಣ್ಣಾದ ಹಾಗಲಕಾಯಿಯ ಬೀಜದಂಥ ಕೆಂಪು. ಇನ್ನೊಂದು ಒಡೆದರು, ಮತ್ತೊಂದು ಒಡೆದರು, ಎಲ್ಲವೂ ಅದೇ ಬಣ್ಣ. ಮುಗಿಯಿತು, ಕೋಳಿ ಸಂತೆಗೆ ಹೋದವು ಅಂದುಕೊಂಡಳು ಗಾದೆಮ್ಮ.

ಓಬಳೇಶಪ್ಪನವರು ಒಂದನ್ನು ಗುಟುಕ್ಕನೆ ನುಂಗಿ ಮೀಸೆ ಒರೆಸಿಕೊಂಡರು.

"ಎಲಾ ಇದರ! ಹುಟ್ಟಿದಾಗಿಂದ ಇಂಥಾ ಮೊಟ್ಟಿ ಕಂಡಿಲ್ಲ ನಾನು. ಇದು ಕಸುವು ಅಂದ್ರ! ಏನು ಮೇಯಿಸಿದ್ಯವ್ವ? ಮೇಯಿಸಿದ ಕೈಗೆ ಶರಣು."

"ಚೆಂಡುಹೂವು ಹಾಕಿದ್ನಿರಿ. ಅದಕ್ಕ ಹಳದಿ ಆಗ್ಬೇಕಿತ್ತು. ಕೆಂಪು ಹೆಂಗಾತೋ ದೇವರಾಣೆ ಗೊತ್ತಿಲ್ರಿ."

"ಗೊತ್ತಿಲ್ಲಾಂದ್ರ ಹೆಂಗ? ನಾಳಿಂದ ನನಗ ಇದಽ ಬಣ್ಣ ಬೇಕು."

ಆಗ ಹಿಂದಿನಿಂದ ಅತ್ತೆಯ ದನಿ ಬಂತು.

"ಬ್ಯಾಡಗಿ ಮೆಣಸಿನಕಾಯಿ ಪುಡಿ. ಹಳದಿ ಕಂಡಾಗಿಂದ ದಿನಾ ನಸುಕಿನಾಗೆದ್ದು ಮೇವಿಗೆ ಒಂದು ಹಿಡಿ. ನಾನಽ ಹಾಕಿದ್ದು."

"ಕೋಳಿಗೆ ಖಾರ ಹಾಕಿದ್ಯಾ ಯವ್ವ?" ಉಸ್ತಾದರು ಬಾಯಿ ತೆರೆದರು.

"ನೆತ್ತಿಗೇರಿ ಮೇವು ಬಿಡ್ತಾವ, ಪೀಡೆ ತೊಲಗ್ತೈತಿ ಅಂದ್ಕಂಡಿದ್ದೆ. ಮುಂಡೇವು ಚಪ್ಪರಿಸ್ಕಂಡು ತಿಂದ್ವು! ಸೀನಿದ್ದು ನಾನು."

ಗರಡಿಮನೆ ಬಿದ್ದು ಬಿದ್ದು ನಕ್ಕಿತು. ಗಾದೆಮ್ಮನಿಗೆ ಮಾತ್ರ ನಗು ಬರಲಿಲ್ಲ. ಕೋಪ ಕುದಿಯುತ್ತಿತ್ತು. ಮನೆಗೆ ಹೋಗುವಾಗ ಅರ್ಧ ದಾರಿಯಲ್ಲಿ ಅತ್ತೆಯನ್ನು ತಡೆದು ಕೇಳಿಯೇಬಿಟ್ಟಳು.

"ಮತ್ಯಾಕ ಹೇಳಿದ್ರಿ? ಖಾರ ನಿಲ್ಲಿಸಿ ಬಾಯಿ ಮುಚ್ಗಂಡಿದ್ದಿದ್ರ ಎಂಟು ದಿನಕ್ಕ ಆ ಬಣ್ಣ ಹೋಗಿ, ಕೋಳಿನೂ ಹೋಗ್ತಿದ್ವು. ನಿಮಗ ಬೇಕಾದ್ದು ಅದಽ ಅಲ್ಲೇನು?"

ಉಚ್ಚಂಗೆಮ್ಮ ಖಾರ ಕುಟ್ಟಿ ಕುಟ್ಟಿ ಕೆಂಪಗಾದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು.

"ಉಸ್ತಾದ ಮೇಯಿಸಿದ ಕೈಗೆ ಶರಣು ಅಂದ್ನಲ್ಲ. ನಲವತ್ತು ವರ್ಷ ಈ ಮನ್ಯಾಗ ರೊಟ್ಟಿ ಬಡಿದೀನಿ ಗಾದೆಮ್ಮ. ಇದುವರ್ಗೂ ಯಾವನೂ ಅಂದಿದ್ದಿಲ್ಲ."

ಗಾದೆಮ್ಮನ ಕೋಪ ಅಲ್ಲೇ ಇಳಿದುಹೋಯಿತು. ಮನೆಗೆ ಬಂದವಳೇ ಕೋಳಿಗೂಡನ್ನು ಮೂರು ಮೊಳ ಆಚೆಗೆ ಎಳೆದು, ಬಿಸಿಲಲ್ಲಿದ್ದ ಹೊರಸನ್ನು ತಂದು ಬೇವಿನ ನೆರಳಿಗೆ ಹಾಕಿದಳು. ಉಚ್ಚಂಗೆಮ್ಮ ಅದರ ಮೇಲೆ ಕುಳಿತು ಕೋಳಿಗಳನ್ನೊಮ್ಮೆ ದುರುಗುಟ್ಟಿ ನೋಡಿದಳು.

"ಕುಟ್ಟಾಣಿ ಇತ್ತಾಗ ಕೊಡು," ಎಂದಳು. "ನೀನು ಕುಟ್ಟಿದ್ರ ಆ ಬಣ್ಣ ಬರಂಗಿಲ್ಲ."