ತೊಡಕಿಗೆ ಬಂದ ಟರ್ಕಿ

ಯುಗಾದಿಯ ಸಂಜೆ ನನ್ನ ಮೈದುನ ಬಾಲರಾಜ್ ಕಾರಿನ ಡಿಕ್ಕಿ ತೆಗೆದಾಗ ಒಳಗಿನಿಂದ ಒಂದು ಟರ್ಕಿ ಕೋಳಿ ಇಳಿಯಿತು. ಇಳಿಯಿತು ಎನ್ನುವುದಕ್ಕಿಂತ ದಯಮಾಡಿಸಿತು ಎನ್ನಬೇಕು. ಎದೆ ಉಬ್ಬಿಸಿ, ಬಾಲದ ಗರಿ ಬಿಚ್ಚಿ, ಕೊರಳಿನ ಕೆಂಪು ಜೋಲು ಅಲ್ಲಾಡಿಸುತ್ತಾ ನಮ್ಮ ಬ್ಯಾಟರಾಯನಪುರದ ಮನೆಯ ಕಾಂಪೌಂಡಿನಲ್ಲಿ ಒಂದು ಸುತ್ತು ಹೊಡೆಯಿತು. ಮೇಲಿನ ಮಹಡಿಗಳ ಬಾಡಿಗೆಯವರೆಲ್ಲ ಫೋನ್ ಹಿಡಿದು ಇಳಿದು ಬಂದರು. ನಾನು ಬೆಳಗ್ಗೆಯೇ ತರಿಸಿ ಮೂಲೆಯಲ್ಲಿ ಕಟ್ಟಿದ್ದ ನಾಟಿ ಕೋಳಿಗಳನ್ನು ಯಾರೂ ತಿರುಗಿಯೂ ನೋಡಲಿಲ್ಲ.

"ನಾಳೆ ಇದರ ಸಾರು ನಾನೇ ಮಾಡ್ತೀನಿ ಅತ್ತೆ," ಎಂದಳು ಬಾಲರಾಜನ ಹೆಂಡತಿ ಶಿಲ್ಪ.

ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಟರ್ಕಿ ಹಾಗಿರಲಿ, ಒಂದು ಹುಂಜವನ್ನು ನೆಟ್ಟಗೆ ಬೇಯಿಸಿದವಳಲ್ಲ. ಆರ್.ಟಿ. ನಗರದಲ್ಲಿ ಬೆಳೆದ ಹುಡುಗಿ, ಕೋಳಿ ಎಂದರೆ ಪ್ಯಾಕೆಟ್ಟಿನಲ್ಲಿ ಬರುವ ಪದಾರ್ಥ ಅವಳಿಗೆ. ಕ್ರಿಸ್‌ಮಸ್‌ಗೆ ಯಾರೋ ಟರ್ಕಿ ಮಾಡುವುದನ್ನು ಫೋನಿನಲ್ಲಿ ನೋಡಿದಳಂತೆ, ಆಸೆಯಾಯಿತಂತೆ. ಬಾಲರಾಜ್ ಹೆಸರಘಟ್ಟದ ಕಡೆ ಯಾವುದೋ ಫಾರ್ಮ್ ಹುಡುಕಿಕೊಂಡು ಹೋಗಿ ತಂದೇಬಿಟ್ಟ. ನನ್ನ ಗಂಡ ನಾಗೇಶ್‌ಗೆ ಕೊತ್ತಂಬರಿ ಸೊಪ್ಪು ತನ್ನಿ ಎಂದರೆ ಪುದೀನ ತರುತ್ತಾರೆ.

ಹೌದು, ನನಗೆ ಹೊಟ್ಟೆ ಉರಿಯಿತು. ಮುಚ್ಚಿಡುವುದೇನು ಬಂತು?

ಯುಗಾದಿಯ ಮಾರನೆಯ ದಿನ ನಮಗೆ ವರ್ಷದ ತೊಡಕು. ಹೋಳಿಗೆ ಉಂಡ ಬಾಯಿಗೆ ಅವತ್ತು ಬಾಡು, ಮಾಂಸದೂಟ. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ಸುತ್ತಿಕೊಳ್ಳುತ್ತದೆ ಎಂದು ನಮ್ಮವರ ನಂಬಿಕೆ. ಅತ್ತರೆ ವರ್ಷವೆಲ್ಲ ಅಳು, ಬೈದರೆ ವರ್ಷವೆಲ್ಲ ಜಗಳ. ಮಕ್ಕಳು ಟಿ.ವಿ. ಒಡೆದು ಹಾಕಿದರೂ ತೊಡಕಿನ ದಿನ ನಗುತ್ತಲೇ ಗುಡಿಸಬೇಕು. ಹಾಗೆಯೇ, ಆ ದಿನ ಅತ್ತೆ ಮುನಿಕೆಂಪಮ್ಮ ಪಂಕ್ತಿಗೆ ಬಡಿಸುವ ಮೊದಲ ಸೌಟು ಯಾರ ಪಾತ್ರೆಯದೋ, ವರ್ಷವೆಲ್ಲ ಅಡುಗೆಮನೆ ಅವಳದು. ನಾನು ಹಿರಿಸೊಸೆಯಾಗಿ ಕಾಲಿಟ್ಟಾಗಿನಿಂದ ಆ ಸೌಟು ನನ್ನದೇ. ಈ ವೇದಾ ಮಾಡುವ ನಾಟಿ ಕೋಳಿ ಸಾರು ಎಂದರೆ ನೆಂಟರು ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿ ಒದ್ದಾಡಿಯಾದರೂ ಬರುತ್ತಾರೆ. ಈಗ ನಿನ್ನೆ ಮೊನ್ನೆ ಬಂದವಳು ಒಂದು ಕುಣಿಯುವ ಕೋಳಿ ತಂದು ನಿಲ್ಲಿಸಿದ್ದಾಳೆ.

"ಎರಡೂ ಆಗ್ಲಿ ಬುಡ್ರವ್ವ," ಎಂದರು ಅತ್ತೆ. "ನಾಳೆ ರುಚಿ ನೋಡಿ ಯಾವ್ದು ಮೊದ್ಲು ಅಂತ ಯೋಳ್ತೀನಿ."

ಇಷ್ಟು ವರ್ಷ ನನ್ನ ಸಾರಿಗೆ ಪರೀಕ್ಷೆ ಎನ್ನುವುದೇ ಇರಲಿಲ್ಲ.

ಮಾರನೆಯ ದಿನ ಹಿತ್ತಿಲಿನಲ್ಲಿ ಸಂಪಿನ ಪಕ್ಕ ಎರಡು ಸೌದೆ ಒಲೆ ಹೂಡಿದೆವು. ಟರ್ಕಿಯನ್ನು ಕುಯ್ದು, ಪುಕ್ಕ ಕಿತ್ತು, ಬೆಂಕಿಯಲ್ಲಿ ಸುಟ್ಟು ಅರಿಶಿನ ಸವರುವಷ್ಟರಲ್ಲಿ ಅದರ ಸುತ್ತ ಅರ್ಧ ಬೀದಿ ನೆರೆದಿತ್ತು. ನನ್ನ ಒಲೆಯ ಹತ್ತಿರ ನಾನೊಬ್ಬಳೇ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಚೈತ್ರ ಚಿಕ್ಕಮ್ಮನ ವಿಡಿಯೋ ಮಾಡುತ್ತಾ ನಿಂತಿದ್ದಳು. ಯಾವತ್ತೂ ಒಲೆಯ ಕಡೆ ಸುಳಿಯದ ನಾಗೇಶ್ ಆ ಒಲೆಗೆ ಸೌದೆ ತಳ್ಳುತ್ತಿದ್ದರು.

"ಅಕ್ಕಾ, ಇಷ್ಟು ದೊಡ್ಡ ಕೋಳಿಗೆ ಚಕ್ಕೆ ಲವಂಗ ಎಷ್ಟಾಕ್ಲಿ?" ಎಂದು ಶಿಲ್ಪ ಕೇಳಿದಳು.

"ಎಲ್ಲಾ ಕಣ್ಣಳತೆ ಕಣೇ," ಎಂದೆ ನಗುತ್ತಾ. ತೊಡಕಿನ ದಿನ ಬೈಯಬಾರದು, ಸರಿ. ಹೇಳಿಕೊಡಲೇಬೇಕು ಎಂದು ಯಾರೂ ಕಟ್ಟು ಮಾಡಿಲ್ಲವಲ್ಲ.

ಆದರೂ ಅವಳು ಹುರಿದು ರುಬ್ಬಿದ ಮಸಾಲೆ ಪಾತ್ರೆಗೆ ಬಿದ್ದಾಗ ಎದ್ದ ಘಮ ನನ್ನ ಮೂಗಿಗೂ ಬಂತು. ಮೂಗು ಮುಚ್ಚಿಕೊಳ್ಳಲು ಆಗುತ್ತದೆಯೇ? ನಾನು ನನ್ನ ಪಾಡಿಗೆ ಮಾವನ ಬೇಳೆ ಸಾರು ಇಳಿಸಿದೆ. ಮಾವ ಶ್ರೀರಾಮಪ್ಪನವರಿಗೆ ಬಿ.ಪಿ. ಇದೆ. ಡಾಕ್ಟರು ಉಪ್ಪು ಕಟ್ಟು ಮಾಡಿದಾಗಿನಿಂದ ಅವರಿಗೆ ಬೇರೆ ಚಿಕ್ಕ ಪಾತ್ರೆ, ಸಪ್ಪೆ ಬೇಳೆ. ಹಬ್ಬಕ್ಕೂ ಅದೇ, ತೊಡಕಿಗೂ ಅದೇ.

ಬಿಸಿಲೇರುವ ಹೊತ್ತಿಗೆ ಅತ್ತೆ ಮಂಡಿ ಹಿಡಿದುಕೊಂಡು ಹಿತ್ತಿಲಿಗೆ ಬಂದರು. ನನ್ನ ಸಾರನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿದರು. "ಚೆಂದಾಗೈತೆ," ಎಂದರು, ಪ್ರತಿ ವರ್ಷ ಹೇಳುವ ಹಾಗೆ. ಆಮೇಲೆ ಟರ್ಕಿಯದು. ಕಣ್ಣು ಮುಚ್ಚಿಕೊಂಡರು. ಇನ್ನೊಂದು ಸಲ ಅಂಗೈ ಚಾಚಿದರು. ನನ್ನ ಸಾರಿಗೆ ಅವರು ಎರಡನೇ ಸಲ ಅಂಗೈ ಚಾಚಿದ್ದೇ ಇಲ್ಲ.

"ಕಾರ, ಗಮ ಎಲ್ಲಾ ಸೈ ಕಣವ್ವ ಶಿಲ್ಪಾ. ಉಪ್ಪು ಎಚ್ಚೈತೆ, ನೋಡ್ಕೊ," ಎಂದು ಹೇಳಿ ಪೂಜೆಗೆ ಒಳಗೆ ಹೋದರು.

ನಮ್ಮತ್ತೆ ಹಬ್ಬದ ದಿನ 'ಇಲ್ಲ' ಎನ್ನುವ ಮಾತನ್ನೇ ಆಡುವುದಿಲ್ಲ. ಅಕ್ಕಿ ಮುಗಿದರೆ 'ಅಕ್ಕಿ ಹೆಚ್ಚಿದೆ', ಬಳೆ ಒಡೆದರೆ 'ಬಳೆ ಹೆಚ್ಚಿದೆ'. ಹಳಬರ ಮಾತು ಹಾಗೆ. ತೊಡಕಿನ ದಿನ 'ಉಪ್ಪಿಲ್ಲ' ಎಂದುಬಿಟ್ಟರೆ ವರ್ಷವೆಲ್ಲ ಮನೆಗೆ ಅದೇ ಗತಿಯಲ್ಲವೇ? ಉಪ್ಪು ಹೆಚ್ಚಿದೆ ಎಂದರೆ ಉಪ್ಪು ಸಾಲದು, ಇನ್ನಷ್ಟು ಹಾಕು ಎಂದು. ಈ ಮನೆಗೆ ಬಂದ ಹೊಸದರಲ್ಲಿ ನನಗೂ ತಿಳಿದಿರಲಿಲ್ಲ. ಅತ್ತೆಯೇ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು.

ಶಿಲ್ಪಳ ಮುಖ ಬಿಳಿಚಿಕೊಂಡಿತು. "ಅಯ್ಯೋ, ಭಯಕ್ಕೆ ಸ್ವಲ್ಪಾನೇ ಹಾಕಿದ್ದೆ ಅಕ್ಕ! ಅದೇ ಜಾಸ್ತಿ ಆಗೋಯ್ತಾ? ರುಚಿ ನೋಡಿ ನೋಡಿ ಖಾರಕ್ಕೆ ನಂಗೆ ನಾಲಿಗೇನೇ ಕೆಟ್ಟೋಗಿದೆ. ನೀವೊಂಚೂರು ನೋಡಿ, ಪ್ಲೀಸ್."

ನೋಡಿದೆ. ಉಪ್ಪು ಹೆಸರಿಗಷ್ಟೇ ಇತ್ತು. ಉಳಿದದ್ದೆಲ್ಲ, ಹೇಳಲು ಸಂಕಟವಾಗುತ್ತದೆ, ನನ್ನದಕ್ಕಿಂತ ಚೆನ್ನಾಗಿತ್ತು. ಇನ್ನೊಂದು ಹಿಡಿ ಉಪ್ಪು ಬಿದ್ದರೆ ಮೊದಲ ಸೌಟು ಆ ಪಾತ್ರೆಯದೇ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಹೂಂ ಕಣೇ. ಹೆಚ್ಚಿದೆ," ಎಂದೆ.

ಅತ್ತೆಯ ಮಾತನ್ನೇ ಅತ್ತೆಯ ಅರ್ಥದಲ್ಲೇ ಹೇಳಿದೆ. ಸುಳ್ಳು ಹೇಳಿದಳು ಎಂದು ಯಾವ ದೇವರೂ ನನ್ನನ್ನು ಹಿಡಿಯುವ ಹಾಗಿಲ್ಲ.

ಅವಳು ಕೊಡದಲ್ಲಿದ್ದ ನೀರನ್ನು ಸಾರಿಗೆ ಸುರಿದಳು. ಉಪ್ಪು ಹೀರಲಿ ಎಂದು ಆಲೂಗಡ್ಡೆ ಹಾಕಿದಳು. ಸಾರು ತೆಳ್ಳಗಾಯಿತೆಂದು ಮತ್ತೆ ಕಾಯಿ ರುಬ್ಬಿ ಹಾಕಿ, ಅದು ಇಂಗಲಿ ಎಂದು ಊಟದ ಹೊತ್ತಿನವರೆಗೂ ಕುದಿಸಿದಳು. ನಾನು ನನ್ನ ಒಲೆ ಆರಿಸಿ, ಮುದ್ದೆ ಕಟ್ಟುತ್ತಾ ಕೂತೆ. ಅಷ್ಟು ನಿರಾಳವಾಗಿ ನಾನು ಯಾವ ತೊಡಕಿನಲ್ಲೂ ಮುದ್ದೆ ಕಟ್ಟಿರಲಿಲ್ಲ.

ಪಂಕ್ತಿ ಕೂತಿತು. ಅತ್ತೆ ಟರ್ಕಿಯ ಪಾತ್ರೆಯಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದರು, ಶಿಲ್ಪಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಸೌಟನ್ನು ನನ್ನ ಪಾತ್ರೆಗೆ ಅದ್ದಿದರು. ಗೆದ್ದೆ! ನನಗೆ ಕುಣಿಯುವಷ್ಟು ಖುಷಿಯಾಯಿತು.

ಆಮೇಲೆ ಟರ್ಕಿ ಬಂತು. ಎಲ್ಲರೂ ಆಸೆಯಿಂದ ಹಾಕಿಸಿಕೊಂಡರು, ಬಾಯಿಗಿಟ್ಟರು, ಒಬ್ಬರ ಮುಖ ಒಬ್ಬರು ನೋಡಿದರು. ತೊಡಕಿನ ದಿನ, ಯಾರು ಏನೆಂದಾರು? "ಸೂಪರ್ ಕಣಮ್ಮ," ಎಂದು ನಾಗೇಶ್ ಉಪ್ಪಿನಕಾಯಿ ನೆಂಚಿಕೊಂಡರು. ಬಾಲರಾಜ್ ತಲೆ ತಗ್ಗಿಸಿ ನುಂಗಿದ. ಶಿಲ್ಪ ಎಲ್ಲರ ತಟ್ಟೆ ನೋಡುತ್ತಾ ಕಂಬದ ಹತ್ತಿರ ಕಣ್ಣು ತುಂಬಿಕೊಂಡು ನಿಂತಿದ್ದಳು.

ಪಂಕ್ತಿಯ ಕೊನೆಯಲ್ಲಿ ತಮ್ಮ ಬೇಳೆ ಸಾರಿನ ಮುಂದೆ ಕೂತಿದ್ದ ಮಾವ ಕತ್ತೆತ್ತಿದರು. "ನಂಗೂ ಒಂದ್ ಸೌಟು ಆಕವ್ವ, ನೋಡಾಣ."

"ಬೇಡ ಮಾವ, ಉಪ್ಪು ಜಾಸ್ತಿ ಆಗೋಗಿದೆ," ಎಂದಳು ಶಿಲ್ಪ.

"ಹಾಕು ಹಾಕು. ಅಪ್ಪಂಗೇ ಅಂತ ಮಾಡ್ದಂಗೈತೆ," ಎಂದು ನಾಗೇಶ್ ನಕ್ಕರು.

ಅವಳು ಅಂಜುತ್ತಲೇ ಹಾಕಿದಳು. ಮಾವ ಒಂದು ತುಂಡು ಬಾಯಿಗಿಟ್ಟರು. ಅಷ್ಟು ಹೊತ್ತು ಕುದ್ದ ಬಾಡು, ಅವರ ನಾಲ್ಕು ಹಲ್ಲಿಗೂ ಬೆಣ್ಣೆಯಾಗಿತ್ತು. ಮುದ್ದೆ ಮುರಿದು ಅದ್ದಿ ನುಂಗಿದರು. ಮೂಳೆ ಚೀಪಿದರು. ಬೇಳೆಯ ಬಟ್ಟಲನ್ನು ಮೊಣಕೈಯಿಂದ ಅತ್ತ ಸರಿಸಿದರು. ಮಸಾಲೆಯ ಖಾರಕ್ಕೆ ಹಣೆ ಬೆವರಿತು, ಮೂಗು ಸೋರಿತು, ಟವೆಲಿನಲ್ಲಿ ಒರೆಸಿಕೊಂಡು ಇನ್ನೊಂದು ಮುದ್ದೆ ಕೇಳಿದರು. ಅವರು ಎರಡನೇ ಮುದ್ದೆ ಕೇಳಿದ್ದನ್ನು ಕಂಡು ಅತ್ತೆ ಬಡಿಸುತ್ತಿದ್ದವರು ಹಾಗೇ ನಿಂತುಬಿಟ್ಟರು.

ನನಗೆ ತಡೆಯಲಾಗಲಿಲ್ಲ. ನಾನೇ ಮುದ್ದೆ ತಂದು ಹಾಕುತ್ತಾ ಬಗ್ಗಿ ಕೇಳಿದೆ, "ಏನ್ ಮಾವ, ನನ್ನ ಸಾರಿಗಿಂತ ಚೆನ್ನಾಗಿದ್ಯಾ?"

ಮಾವ ನನ್ನ ಮುಖ ನೋಡಿದರು. ಅವರ ಕಣ್ಣಿನಲ್ಲಿ ಕೋಪವಿರಲಿಲ್ಲ, ಕುಹಕವೂ ಇರಲಿಲ್ಲ.

"ನಿನ್ ಸಾರು ಬಾಳ ಗಮ ಕಣವ್ವ. ಒಲೆ ಮ್ಯಾಗಿದ್ರೆ ಬೀದಿ ತುದೀಗ್ ಬತ್ತದೆ," ಎಂದರು. "ರುಚಿ ಎಂಗಿತ್ತು ಅಂತ ಮರ್ತೇ ಓಗೈತೆ."

ಉಪ್ಪು ಹಾಕುವ ಮುಂಚೆ ನನ್ನ ಪಾತ್ರೆಯಿಂದ ಮಾವನಿಗೆಂದು ಒಂದು ಬಟ್ಟಲು ಸಾರು ತೆಗೆದಿಟ್ಟಿದ್ದರೆ ಆಗುತ್ತಿತ್ತು. ಅಷ್ಟೇ ಕೆಲಸ. ಇಷ್ಟು ವರ್ಷದಲ್ಲಿ ಒಂದು ಸಲವೂ ನನಗದು ಹೊಳೆದಿರಲಿಲ್ಲ. ಮುದ್ದೆಯ ಪಾತ್ರೆ ಹಿಡಿದು ನಾನು ಅಲ್ಲೇ ನಿಂತಿದ್ದೆ. ಮಾವ ನನ್ನ ಪಕ್ಕದಿಂದ ಕೈ ನೀಡಿ, ತಟ್ಟೆಯನ್ನು ಶಿಲ್ಪಳ ಕಡೆ ಚಾಚಿದರು.