ಕೊನೆಮನೆಯ ನಲ್ಲಿ

ಡಾಕ್ಟರಮ್ಮ ನೋಟುಬುಕ್ಕಿನ ಕೊನೆಯ ಪುಟದ ಮೇಲೆ ಬೆರಳಿಟ್ಟು ತಲೆ ಎತ್ತಿದಾಗ ನೀರಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತ. ಅಕ್ಕನನ್ನು ತಳ್ಳುಗಾಡಿಯಲ್ಲಿ ಒಳಗೆ ಕರೆದೊಯ್ದು ಎರಡು ಗಂಟೆಯಾಗಿತ್ತು. ಅಷ್ಟು ಗಾಬರಿಯಲ್ಲೂ ಅವನಿಗೊಂದು ಧೈರ್ಯವಿತ್ತು: ಏನೇ ಕೇಳಲಿ, ನೋಟುಬುಕ್ಕು ಚೊಕ್ಕಟವಾಗಿದೆ. ನಾಲ್ಕು ತಿಂಗಳಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿದ ಅಕ್ಕನ ಬಿ.ಪಿ.ಯನ್ನು ಗೆರೆ ಹಾಕಿ ಬರೆದಿದ್ದ. ಮೊದಲ ಪುಟದಲ್ಲಿ ನೂರಾ ಎಪ್ಪತ್ತು ಇದ್ದದ್ದು ಕೊನೆಯ ಪುಟದಲ್ಲಿ ತೊಂಬತ್ತಾರಕ್ಕೆ ಇಳಿದಿತ್ತು. ಯಾರಾದರೂ ಬೆನ್ನು ತಟ್ಟಬೇಕಾದ ಕೆಲಸ.

"ಪಕ್ಕದಲ್ಲಿ ಅಲ್ಲಲ್ಲಿ 'ಅರ್ಧ' ಅಂತ ಬರೆದಿದೀರಲ್ಲ, ಏನದು?"

"ಅರ್ಧ ಮಾತ್ರೆ ಮೇಡಂ. ಪ್ರೆಶರ್ ಜಾಸ್ತಿ ಇದ್ದ ದಿನ ನೀವು ಹೇಳಿದ ಒಂದರ ಜೊತೆ ಇನ್ನರ್ಧ ಕೊಡ್ತಿದ್ದೆ."

"ಕೊಡಿ ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಂಗೇ ಗೊತ್ತಾಗ್ತಿತ್ತು."

ಆ ಮಾತಿನಲ್ಲಿ ಹೆಮ್ಮೆಯಿತ್ತು. ಡಾಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿದರು.

ನೀರಣ್ಣ ಎನ್ನುವುದು ಊರು ಇಟ್ಟ ಹೆಸರು. ನೀರು ಸರಬರಾಜು ಕಚೇರಿಯಲ್ಲಿ ವಾಲ್ವ್ ತಿರುಗಿಸುವುದು ಅವನ ಕೆಲಸ. ಉದ್ದನೆಯ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟನೆಂದರೆ ಒಂದೊಂದು ಬೀದಿಗೂ ಅವನು ಬಿಟ್ಟಷ್ಟೇ ನೀರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹುರುಪಿನಿಂದ ಒಂದು ವಾಲ್ವನ್ನು ಪೂರ್ತಿ ತೆರೆದಿದ್ದ. ನೆಲದಡಿಯ ಹಳೇ ಪೈಪು ಒಡೆದು ರಸ್ತೆಯೇ ಬಾಯಿಬಿಟ್ಟಿತು. ಹಳೇ ಪೈಪಿಗೆ ಜೋರು ಕೊಡಬಾರದು ಎಂದು ಅವತ್ತು ಬೈಸಿಕೊಂಡು ಕಲಿತ ಪಾಠವನ್ನು ಅವನು ಮೂವತ್ತು ವರ್ಷ ಬಿಟ್ಟಿರಲಿಲ್ಲ. ಅವನ ಪಾಳಿಯಲ್ಲಿ ಮತ್ತೆ ಒಂದು ಪೈಪೂ ಒಡೆದಿರಲಿಲ್ಲ.

ಅಮ್ಮ ಹೋದದ್ದು ತಲೆಯೊಳಗೆ ರಕ್ತನಾಳ ಒಡೆದು. ಆಗ ಅವನಿಗೆ ಹನ್ನೊಂದು, ಅಕ್ಕನಿಗೆ ಹದಿನೇಳು. ಅಕ್ಕ ಅವತ್ತೇ ದರ್ಜಿ ಅಂಗಡಿಯ ಮೂಲೆಯಲ್ಲಿ ಕಾಜ ಹೊಲಿಯಲು ಕುಳಿತಳು, ಅಂಗಿಯ ಗುಂಡಿ ತೂರುವ ಆ ಸಣ್ಣ ಸೀಳಿಗೆ ಸುತ್ತ ದಾರ ಕಟ್ಟುವ ಕೆಲಸ. ಅದರಲ್ಲೇ ತಮ್ಮನನ್ನು ಓದಿಸಿದಳು. ಮಷೀನು ಬಂದ ಮೇಲೂ ಒಳ್ಳೇ ಬಟ್ಟೆಗೆ ಅವಳ ಕೈಯ ಕಾಜವೇ ಆಗಬೇಕು ಎನ್ನುವವರು ಇದ್ದರು. ಅಂಥ ಅಕ್ಕನಿಗೆ ಬಿ.ಪಿ. ಎಂದ ಕೂಡಲೇ ನೀರಣ್ಣನಿಗೆ ಅಮ್ಮ ನೆನಪಾಗಿದ್ದಳು. ಈ ಸಲ ಒಡೆಯಲು ಬಿಡುವುದಿಲ್ಲ ಎಂದು ಹಟ ತೊಟ್ಟ. ಹಳೇ ಬ್ಲೇಡಿನಿಂದ ಮಾತ್ರೆಯನ್ನು ನಾಜೂಕಾಗಿ ಸೀಳಿ ಅಂಗೈಗೆ ಹಾಕುತ್ತಿದ್ದ, ಅವಳು ನೋಡದೆ ನುಂಗುತ್ತಿದ್ದಳು.

ತಿಂಗಳಿಂದೀಚೆಗೆ ಅಕ್ಕ ಎದ್ದು ನಿಂತರೆ ತೂರಾಡುತ್ತಿದ್ದಳು. ಎರಡು ಸಲ ಬಲಗೈ ಜೋಲುಬಿದ್ದು, ಐದು ನಿಮಿಷಕ್ಕೆ ಸರಿಹೋಯಿತು. ಪ್ರೆಶರ್ ಏರಿದೆ ಎಂದುಕೊಂಡ ಅವನು ಅಳೆದು ನೋಡುವ ಮೊದಲೇ ಇನ್ನರ್ಧ ಕೊಟ್ಟ. ಆಮೇಲೆ ನೋಡಿದರೆ ಬಿ.ಪಿ. ಮಷೀನು ನೂರು ತೋರಿಸಿತು. ನೋಡು, ಮಾತ್ರೆ ಕೆಲಸ ಮಾಡಿತು ಎಂದು ಅಕ್ಕನಿಗೇ ಹೇಳಿದ್ದ. ಇವತ್ತು ಬೆಳಿಗ್ಗೆ ಅವನ ತೋಳಿನ ಗುಂಡಿ ಸಡಿಲವಾಗಿದೆಯೆಂದು, ಅಂಗಿ ಮೈಮೇಲಿರುವಾಗಲೇ ಹೊಲಿಯುತ್ತಿದ್ದವಳ ಬೆರಳಿಂದ ಸೂಜಿ ಜಾರಿತು. ಮತ್ತೆ ಅರ್ಧ ಕೊಟ್ಟ. ಅರ್ಧ ಗಂಟೆಯಲ್ಲಿ ಅವಳ ಬಾಯಿ ಒಂದು ಕಡೆಗೆ ವಾಲಿತು.

ಡಾಕ್ಟರಮ್ಮ ಅಕ್ಕನ ತಲೆಯ ಸ್ಕ್ಯಾನ್ ಇದ್ದ ಪರದೆಯನ್ನು ಅವನ ಕಡೆಗೆ ತಿರುಗಿಸಿದರು. ಕಪ್ಪಿನ ಮೇಲೆ ಬಿಳಿ ಕವಲುಗಳು. ಎಡಗಡೆಯ ದಪ್ಪ ಕವಲೊಂದು ನಡುವೆ ದಾರದೆಳೆಯಷ್ಟಾಗಿ, ಮುಂದೆ ಮಸುಕಾಗಿತ್ತು.

"ಒಡೆದಿದೆಯಾ ಮೇಡಂ?"

"ಇಲ್ಲ. ಒಡೆದಿಲ್ಲ, ಒಳಗೆ ಕಟ್ಕೊಂಡು ಸಣ್ಣಗಾಗಿದೆ. ಇದು ವರ್ಷಗಟ್ಟಲೆ ಆಗಿರೋದು. ಇಷ್ಟು ಇಕ್ಕಟ್ಟಲ್ಲಿ ರಕ್ತ ಆಚೆ ದಾಟಬೇಕಂದ್ರೆ ಹಿಂದಿಂದ ಸ್ವಲ್ಪ ಒತ್ತಡ ಬೇಕು. ಬಿ.ಪಿ. ಇಳಿಸಬೇಕು ನಿಜ. ನಿಧಾನಕ್ಕೆ, ನಾವು ನೋಡ್ತಾ ನೋಡ್ತಾ ಇಳಿಸಬೇಕು. ನೀವು ತೊಂಬತ್ತಾರಕ್ಕೆ ತಂದ್ರಿ. ಆಚೆ ಕಡೆ ರಕ್ತವೇ ಮುಟ್ಟಿಲ್ಲ. ಕೈ ಜೋಲುಬಿದ್ದಿದ್ದು ಅದಕ್ಕೇ. ಆಗ ನೀವು ಏನ್ಮಾಡಿದ್ರಿ?"

"ಇನ್ನರ್ಧ ಕೊಟ್ಟೆ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಯಾವ ಮಾತ್ರೆ, ಎಷ್ಟು ಅಂತ ನಿಮ್ಮ ಅಕ್ಕನ್ನ ಕೇಳಿದೆ. ನಂಗೊತ್ತಿಲ್ಲ, ತಮ್ಮ ನೋಡ್ಕೊಳ್ತಾನೆ, ಅವನಿಗೆ ಎಲ್ಲಾ ಗೊತ್ತು ಅಂದ್ರು," ಎಂದರು.

"ಕೈ ಬರುತ್ತಾ ಮೇಡಂ? ಕಾಜ ಹೊಲಿಯೋ ಕೈ ಅದು."

"ಜೀವಕ್ಕೆ ಸದ್ಯ ಭಯ ಇಲ್ಲ. ಕೈ ಒಂದಷ್ಟು ಬರಬಹುದು. ಸೂಜಿ ಹಿಡಿಯೋಷ್ಟು ಬರುತ್ತೆ ಅಂತ ನಾನು ಹೇಳಲಾರೆ."

ನೀರಣ್ಣ ಹೊರಗೆ ಬಂದು ಗೋಡೆ ಹಿಡಿದುಕೊಂಡು ನಿಂತ. ಕಣ್ಣ ಮುಂದೆ ಬಂದದ್ದು ಮನೆಯ ನಲ್ಲಿ. ಅವರ ಮನೆ ಬೀದಿಯ ಕಟ್ಟಕಡೆಯದು, ಅಲ್ಲಿಗೆ ಬರುವ ಪೈಪು ತುಕ್ಕು ಕಟ್ಟಿ ಒಳಗೆ ಬೆರಳು ತೂರದಷ್ಟು ಕಿರಿದಾಗಿತ್ತು. ಅವನು ವಾಲ್ವನ್ನು ತಗ್ಗಿಸಿದ ದಿನ ಮೊದಲಿನ ಮನೆಗಳಿಗೆಲ್ಲ ನೀರು ಬಂದು, ಕೊನೆಮನೆಯ ನಲ್ಲಿ ಬುಸ್ಸೆಂದು ಗಾಳಿ ಬಿಟ್ಟು ಸುಮ್ಮನಾಗುತ್ತಿತ್ತು. ಊರಿಗೆಲ್ಲ ನೀರು ಬಿಡೋನ ಮನೆಗೆ ಗಾಳಿಯೇ ಗತಿ ಎಂದು ಅಕ್ಕ ಬಕೆಟ್ ಕುಟ್ಟಿ ನಗುತ್ತಿದ್ದಳು. ಕಿರಿದಾದ ಪೈಪಿಗೆ ಒತ್ತಡ ತಗ್ಗಿಸಿದರೆ ಕೊನೆಗೆ ನೀರು ಮುಟ್ಟುವುದಿಲ್ಲ. ಇದನ್ನು ಊರಲ್ಲಿ ಅವನಷ್ಟು ಚೆನ್ನಾಗಿ ತಿಳಿದವರು ಇನ್ನೊಬ್ಬರಿರಲಿಲ್ಲ. ತಿಳಿದೂ ತಿಳಿದೂ ಮಾಡಿದ ಹಾಗಾಯಿತಲ್ಲ ಎಂದುಕೊಂಡ.

ವಾರ್ಡಿನಲ್ಲಿ ಅಕ್ಕನನ್ನು ದಿಂಬಿಲ್ಲದೆ ಮಲಗಿಸಿದ್ದರು. ಬಲಗೈ ಹೊದಿಕೆಯ ಮೇಲೆ ಇಟ್ಟಲ್ಲೇ ಇತ್ತು. ಬಾಯಿ ಸ್ವಲ್ಪ ಸರಿಹೋಗಿತ್ತು, ಮಾತು ಮಾತ್ರ ಇನ್ನೂ ದಪ್ಪ.

"ಏನೋ ಪುಟ್ಟ, ಮಲಗಿರೋದು ನಾನು. ನಿನ್ ಮುಖ ಯಾಕೋ ಹಂಗಾಗಿದೆ?"

ಐವತ್ತೆರಡರ ಪುಟ್ಟ ಮಂಚದ ಪಕ್ಕ ನಿಂತ. ಇನ್ನೇನು ಹೇಳಲಿ, ನಾಳೆ ಹೇಳಲೇ ಎಂದು ಒಂದು ಗಳಿಗೆ ಮನಸ್ಸು ಜಾರಿತು. ಡಾಕ್ಟರಮ್ಮ ತಾವಾಗಿ ಹೇಳುವವರಲ್ಲ, ಅಕ್ಕ ಕೇಳುವವಳಲ್ಲ. ಜೇಬಿನಲ್ಲಿ ಕಾಗದಕ್ಕೆ ಸುತ್ತಿಟ್ಟ ಅರ್ಧ ಮಾತ್ರೆಗಳಿದ್ದವು. ತೆಗೆದು ಹೊದಿಕೆಯ ಮೇಲೆ ಬಿಚ್ಚಿದ.

"ಅಕ್ಕಾ, ಇದನ್ನ ನಾನು ಸೇರಿಸಿ ಕೊಡ್ತಿದ್ದೆ. ಡಾಕ್ಟರು ಹೇಳಿರಲಿಲ್ಲ. ಜೋರು ಇದ್ರೆ ಅಮ್ಮನ ಥರ ಒಡೆಯುತ್ತೆ ಅಂದ್ಕೊಂಡೆ. ನಿನ್ನ ತಲೇಲಿ ನಾಳ ಸಣ್ಣಗಾಗಿದೆಯಂತೆ. ನಾನು ಒತ್ತಡ ಇಳಿಸಿದ್ದಕ್ಕೆ ಆಚೆಗೆ ರಕ್ತ ಹೋಗಿಲ್ಲ. ಕೈ ಹೋಗಿದ್ದು ನನ್ನಿಂದ."

ಅಕ್ಕ ಆ ಅರ್ಧ ಚಂದ್ರಗಳನ್ನೇ ನೋಡಿದಳು. ಒಂದೂ ಒಡೆದಿರಲಿಲ್ಲ, ಎಲ್ಲವೂ ಸಮನಾಗಿ ಸೀಳಿದ್ದವು.

"ಇವತ್ತು ಸೂಜಿ ಬಿದ್ದಾಗ್ಲೂ ಕೊಟ್ಟಿದ್ದು ಇದೇನಾ?"

"ಹೂಂ."

ಅವಳು ಮುಖವನ್ನು ಗೋಡೆಯ ಕಡೆಗೆ ಹೊರಳಿಸಿದಳು. ಪಕ್ಕದ ಮಂಚದವರ ಊಟದ ತಟ್ಟೆಯನ್ನು ಯಾರೋ ಎತ್ತಿಕೊಂಡು ಹೋದರು. ಅಕ್ಕ ಗೋಡೆಗೇ ಹೇಳುವಂತೆ ಹೇಳಿದಳು.

"ಮೂವತ್ತು ವರ್ಷ ಆ ನಲ್ಲಿ ಮುಂದೆ ಬಕೆಟ್ ಇಟ್ಕೊಂಡು ಕೂತಿದ್ದೋಳು ನಾನು. ನೀನು ಒಂದಿನಾನೂ ನೋಡ್ಲಿಲ್ವೇನೋ?"

ನೀರಣ್ಣ ಕಣ್ಣು ಒರೆಸಿಕೊಳ್ಳಲು ತೋಳೆತ್ತಿದ. ಬೆಳಗಿನ ದಾರ ಗುಂಡಿಯಿಂದ ಇನ್ನೂ ನೇತಾಡುತ್ತಿತ್ತು. ಗಡಿಬಿಡಿಯಲ್ಲಿ ಸೂಜಿಯನ್ನು ಅಂಗಿಯ ತೋಳಿಗೇ ಚುಚ್ಚಿಕೊಂಡು ಬಂದಿದ್ದ.

"ಕಣ್ಣಿಗೆ ಚುಚ್ಕೊಂಡೀಯ," ಎಂದಳು ಇತ್ತ ಹೊರಳಿದ ಅಕ್ಕ. "ಇಲ್ಲಿ ತಾ ಕೈ."

ಅವನು ತೋಳು ಚಾಚಿದ. ಅಕ್ಕನ ಬಲಗೈ ಹೊದಿಕೆಯ ಮೇಲೆ ತೆವಳಿ ಬಂದು ಗುಂಡಿಯನ್ನು ಮುಟ್ಟಿತು. ಹೆಬ್ಬೆರಳು ಸೂಜಿಯನ್ನು ತಡವಿತು. ತೋರುಬೆರಳು ಅದರತ್ತ ಬಾಗಲಿಲ್ಲ. ಅವಳು ಮತ್ತೊಮ್ಮೆ ತಡವಿದಳು, ಮತ್ತೂ ಒಮ್ಮೆ. ಅವನು ತೋಳನ್ನು ಅಲ್ಲಾಡಿಸದೆ ಹಿಡಿದುಕೊಂಡು ನಿಂತ.