ಆರು ಗೆಣ್ಣಿನ ಪಂಥ

"ಏನ್ರೀ ಇದು, ಕಾಯಿ ಜತೆ ಮನಿಕ್ಕಂಡಿದ್ದೀರಾ?"

ಏಣಿ ಹತ್ತಿ ಅಟ್ಟದೊಳಕ್ಕೆ ತಲೆ ತೂರಿಸಿದ ಹೊಂಬಾಳಮ್ಮನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಕೊಬ್ಬರಿಯಾಗಲೆಂದು ಹರಡಿದ್ದ ಎಂಟು ಸಾವಿರ ತೆಂಗಿನಕಾಯಿಗಳ ನಡುವೆ ಅವಳ ಗಂಡ ಈರಣ್ಣ ಬರೀ ಲಂಗೋಟಿಯಲ್ಲಿ ಅಂಗಾತ ಮಲಗಿದ್ದ. ಕೆಳಗಿನ ಒಲೆಯ ಹೊಗೆ ಬಿದಿರಿನ ಸಂದಿಯಿಂದ ಏರಿ ಬರುತ್ತಿತ್ತು. ಮೇಲೆ ಹೆಂಚು ಮಟಮಟ ಮಧ್ಯಾಹ್ನದ ಬಿಸಿಲಿಗೆ ಕಾದಿತ್ತು. ಅಷ್ಟೂ ಕಾಯಿಗಳಿಗಿಂತ ಎತ್ತರದಲ್ಲಿ ಅವನ ಹೊಟ್ಟೆ ಬೆವರಿ ಮಿರಮಿರ ಮಿಂಚುತ್ತಿತ್ತು.

"ಮೆತ್ತಗೆ ಮಾತಾಡೇ, ಅವ್ವಂಗೆ ಕೇಳಿಸ್ತದೆ. ಇವತ್ತಿಗೆ ಐದು ದಿನ ಆಯ್ತು. ಕಾಯೊಳಗಿನ ನೀರೇ ಇಲ್ಲಿ ಇಂಗೋಯ್ತದೆ ಅಂದ್ಮೇಲೆ ಈ ಹೊಟ್ಟೆ ಯಾವ ಲೆಕ್ಕ? ನೆನ್ನೆ ಕೊಬ್ಬರಿ ತಕ್ಕಡೀಲಿ ಕೂತು ನೋಡ್ದೆ ಕಣೇ. ಎರಡು ಕೆ.ಜಿ. ಇಳ್ದೀನಿ, ಎರಡು ಕೆ.ಜಿ.!"

"ಕಾಯಿ ಹನ್ನೊಂದು ತಿಂಗ್ಳು ಇಲ್ಲೇ ಇರ್ತದೆ. ನೀವೂ ಇರ್ತೀರಾ?"

"ಊಟಕ್ಕೆ ಇಳೀತೀನಿ" ಅಂದ ಈರಣ್ಣ.

ಹೊಂಬಾಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಏಣಿ ಇಳಿದಳು. ನಗುವುದೋ ಅಳುವುದೋ ಅವಳಿಗೆ ತಿಳಿಯಲಿಲ್ಲ. ಗಂಡನ ಪಂಥದ ಗುಟ್ಟು ಆ ಮನೆಯಲ್ಲಿ ಗೊತ್ತಿದ್ದುದು ಅವಳೊಬ್ಬಳಿಗೇ.

ಪಂಥ ಹುಟ್ಟಿದ್ದು ಹಿಂದಿನ ವಾರ, ತಿಪಟೂರಿನಲ್ಲಿ, ನಿಜಾಮುದ್ದೀನನ ಟೈಲರ್ ಅಂಗಡಿಯಲ್ಲಿ. ನಿಜಾಮುದ್ದೀನ್ ಮತ್ತು ಈರಣ್ಣ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಈಗ ಇಬ್ಬರಿಗೂ ಮೂವತ್ತನಾಲ್ಕು. ಪ್ಯಾಂಟಿನ ಅಳತೆಗೆಂದು ಸೊಂಟಕ್ಕೆ ಟೇಪು ಸುತ್ತಿದ ನಿಜಾಮುದ್ದೀನ್, "ಅರೆ, ನಲವತ್ನಾಕು! ಹೋದ್ಸಲ ನಲವತ್ತಿತ್ತು. ಮುಂದಿನ ಸಲ ಇಬ್ರು ಬೇಕಾಯ್ತದೆ ಅಳೆಯೋಕೆ" ಎಂದು ಗೋಡೆಯ ಕ್ಯಾಲೆಂಡರಿನ ಪೈಲ್ವಾನನನ್ನು ತೋರಿಸಿದ. ಅವನ ಹೊಟ್ಟೆಯ ಮೇಲೆ ಎರಡು ಸಾಲಿನಲ್ಲಿ ಆರು ಮಾಂಸದ ಗೆಣ್ಣುಗಳು ಎದ್ದು ಕಾಣುತ್ತಿದ್ದವು.

"ಇದ್ಯಾವ ಮಹಾ! ನಮ್ಮ ತೋಟದ ಮರ ಹತ್ತೋ ಮಾರಯ್ಯಂಗೆ ಐವತ್ತೈದು ವರ್ಷ. ಅವನ ಹೊಟ್ಟೇಲೂ ಆರು ಗೆಣ್ಣು ಐತೆ" ಎಂದ ಈರಣ್ಣ. ಅಂಗಡಿಯಲ್ಲಿದ್ದ ಗಿರಾಕಿಗಳು ಕಿಸಕ್ಕೆಂದಿದ್ದೇ ತಡ, ಅವನಿಗೆ ಎಲ್ಲಿಲ್ಲದ ರೋಷ ಬಂತು. "ಬರ್ಕೋ ಬೇಕಾದ್ರೆ. ಈಗ ಅಟ್ಟಕ್ಕೆ ಹಾಕಿರೋ ಕಾಯಿ ಇಳಿಯೋ ಹೊತ್ಗೆ ಆರೂ ಗೆಣ್ಣು ತೋರಿಸ್ತೀನಿ. ಇಲ್ದಿದ್ರೆ ಮೀಸೆ ಬೋಳಿಸ್ತೀನಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈರಣ್ಣನ ಮೀಸೆಯೆಂದರೆ ಸಾಮಾನ್ಯದ್ದಲ್ಲ. ಎರಡೂ ತುದಿ ಕೆನ್ನೆ ದಾಟುತ್ತಿದ್ದವು, ಬಗ್ಗಿ ಉಣ್ಣುವಾಗ ಸಾರಿನೊಳಗೆ ಅದ್ದುತ್ತಿದ್ದವು. ಅವನ ಊರು ಕಂದಿಕೆರೆಯ ಸುತ್ತ ಅವನನ್ನು ಮೀಸೆ ಈರಣ್ಣನೆಂದರೆ ಮಾತ್ರ ಜನಕ್ಕೆ ಗುರುತು. ಅಪ್ಪ ತೀರಿಕೊಂಡಾಗ ಒಮ್ಮೆ ಅದನ್ನು ಬೋಳಿಸಿದ್ದ. ಮತ್ತೆ ಬೋಳಿಸಿಕೊಂಡು ಊರೊಳಗೆ ನಡೆದರೆ ನೋಡಿದವರೆಲ್ಲ ಕೇಳುವುದು ಒಂದೇ ಮಾತು, "ಅಯ್ಯೋ, ಅವ್ವನೂ ಹೋದ್ಲಾ?" ಗಟ್ಟಿಮುಟ್ಟಾಗಿ ಓಡಾಡುತ್ತಿರುವ ಅವ್ವ ಚಿಕ್ಕಗೌರಮ್ಮನ ಎದುರು ಆ ಅಪಶಕುನವನ್ನು ಹೊತ್ತು ನಿಲ್ಲುವುದು ಹೇಗೆ?

ಆರನೆಯ ದಿನ ಅಟ್ಟದಲ್ಲಿ ಅವನಿಗೆ ಕಣ್ಣು ಕತ್ತಲೆ ಬಂತು. ಕಾಯಿಗಳ ಮೇಲೆ ದಡದಡ ಉರುಳಿದ ಸದ್ದಿಗೆ ಹೊಂಬಾಳಮ್ಮ ಕೂಗಿಕೊಂಡಳು. ತೋಟದಲ್ಲಿದ್ದ ಮಾರಯ್ಯ ಓಡಿ ಬಂದ. ಕಾಯಿ ಗೊನೆ ಇಳಿಸುವ ಹಗ್ಗವನ್ನೇ ಕಂಕುಳಿಗೆ ಬಿಗಿದು ಇಬ್ಬರೂ ಸೇರಿ ಅವನನ್ನು ಕೆಳಗಿಳಿಸಿದರು. ಪುಣ್ಯಕ್ಕೆ ಚಿಕ್ಕಗೌರಮ್ಮ ಸಂಪಿಗೆ ಊರಿನಲ್ಲಿದ್ದ ಮಗಳ ಮನೆಗೆ ಹೋಗಿದ್ದಳು. ಈರಣ್ಣ ಒಂದು ತಂಬಿಗೆ ನೀರು, ಅದರ ಮೇಲೆ ಮೂರು ಎಳನೀರು ಕುಡಿದು ಎದ್ದು ತಕ್ಕಡಿಯಲ್ಲಿ ಕೂತ. ಇಳಿದಿದ್ದ ಎರಡೂ ಕೆ.ಜಿ. ವಾಪಸು ಬಂದು ಕೂತಿತ್ತು.

ಸಂಗತಿಯೆಲ್ಲ ಕೇಳಿದ ಮಾರಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಈರಣ್ಣೋರೆ, ನೀರು ಇಂಗಿದ್ರೆ ಬಾಯಾರಿಕೆ ಆಯ್ತದೆ ಹೊರ್ತು ಬೊಜ್ಜು ಇಳಿಯಕಿಲ್ಲ. ಹನ್ನೊಂದು ತಿಂಗ್ಳಿಗೆ ಕೊಬ್ರಿ ಆಗೋದ್ನ ಆರು ದಿನಕ್ಕೆ ಮಾಡೋಕೋದ್ರೆ ಕೊಳೀತದೆ, ಅಷ್ಟೇಯ. ನಾಳೆ ಬೆಳಿಗ್ಗೆ ಬನ್ನಿ, ಮರ ತೋರಿಸ್ತೀನಿ."

"ನನ್ನ ಮರ ನಂಗೇ ತೋರಿಸ್ತೀಯೇನ್ಲಾ?"

"ಬುಡದಿಂದ ನೋಡೀರಿ. ಮೇಲಿಂದ ನೋಡಿಲ್ಲ."

ಮೊದಲ ದಿನ ಈರಣ್ಣ ಹತ್ತಿದ್ದು ಎರಡು ಮೊಳ. ಕಾಲಿಗೆ ಹಗ್ಗದ ಕುಣಿಕೆ ಹಾಕಿ, ಮರವನ್ನು ತಬ್ಬಿ ಮೇಲಕ್ಕೆ ನೆಗೆಯಬೇಕು. ಅವನ ಕೈಯೇನೋ ಮರವನ್ನು ಮುಟ್ಟುತ್ತಿತ್ತು, ಆದರೆ ನಡುವೆ ಹೊಟ್ಟೆ ಅಡ್ಡ. ತೊಗಟೆ ಉಜ್ಜಿ ಹೊಟ್ಟೆಯೆಲ್ಲ ತರಚಿ ಉರಿಯಿತು. ಒಂದು ವಾರಕ್ಕೆ ಒಂದಾಳುದ್ದ ಹತ್ತಿದ. ಮೂರನೆಯ ತಿಂಗಳಲ್ಲಿ ಅರ್ಧ ಮರ. ಆಗ ಕೆಳಗೆ ನೋಡಿ ಹೆದರಿ, ಮಾರಯ್ಯ ಬಂದು ಪಾದ ಹಿಡಿದು ಒಂದೊಂದಾಗಿ ಇಳಿಸುವವರೆಗೆ ಮರವನ್ನು ಬಿಗಿದಪ್ಪಿ ಕಣ್ಣು ಮುಚ್ಚಿಕೊಂಡಿದ್ದ. ಐದನೆಯ ತಿಂಗಳ ಒಂದು ಮುಂಜಾನೆ ತುದಿ ಮುಟ್ಟಿದ! ಗರಿಗಳ ನಡುವಿನಿಂದ ತಲೆ ಎತ್ತಿ ನೋಡಿದರೆ ತನ್ನ ತೋಟ, ಅದರಾಚೆಗೆ ಇನ್ನೊಬ್ಬರ ತೋಟ, ಕಣ್ಣು ಹೋದಷ್ಟೂ ತೆಂಗಿನ ತಲೆಗಳು. ಖುಷಿ ತಡೆಯಲಾರದೆ "ಹೊಂಬಾಳೀ!" ಎಂದು ಅಲ್ಲಿಂದಲೇ ಕೂಗಿದ. ಅವಳು ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಓಡಿ ಬಂದು ಕತ್ತೆತ್ತಿ ನೋಡಿದಳು. ಮದುವೆಯಾಗಿ ಹತ್ತು ವರ್ಷದಲ್ಲಿ ಗಂಡ ತನ್ನನ್ನು ಹಾಗೆ ಕೂಗಿದ್ದು ಅವಳಿಗೆ ನೆನಪಿರಲಿಲ್ಲ.

ಮೂರು ಮುದ್ದೆಯ ಊಟ ಒಂದಕ್ಕಿಳಿಯಿತು. ಪಂಚೆಯನ್ನು ಒಂದು ಸುತ್ತು ಹೆಚ್ಚಿಗೆ ಸುತ್ತಬೇಕಾಯಿತು. ಇದನ್ನೆಲ್ಲ ನೋಡಿ ನೋಡಿ ಚಿಕ್ಕಗೌರಮ್ಮ ಕರಗಿಹೋದಳು. "ಲೇ ಈರಾ, ಅಟ್ಟದ ತುಂಬ ಕಾಯಿ ಮಡಿಕ್ಕಂಡು ಹಿಂಗೆ ಸೊರಗಿದ್ರೆ ನೋಡ್ದೋರು ಏನಂತಾರ್ಲಾ? ಆ ಪಕ್ಕದ್ಮನೆ ಕೆಂಪಕ್ಕ ಬಾವಿ ತಾವ ಕೇಳ್ತಾಳೆ, ನಿನ್ ಮಗಂಗೆ ಸಕ್ಕರೆ ಕಾಯ್ಲೆನಾ ಅಂತ. ನಿಮ್ಮಪ್ಪನ ಹೊಟ್ಟೆ ನೋಡಿ ಜನ ಕೈ ಮುಗೀತಿದ್ರು."

"ಏನೂ ಇಲ್ಲ ಬುಡವ್ವ. ನಿನ್ ಮುದ್ದೆ ಒಂದಿದ್ರೆ ಸಾಕು. ಈಚೆಗಂತೂ ಗಂಟಲಿಗೆ ತಾಕ್ದಂಗೆ ಜಾರೋಯ್ತದೆ" ಎಂದು ಅವನು ಅವಳನ್ನು ಸಮಾಧಾನ ಮಾಡುತ್ತಿದ್ದ. ಅವಳು ಒಲೆಯ ಕಡೆ ತಿರುಗಿಬಿಡುತ್ತಿದ್ದಳು.

ಹನ್ನೊಂದು ತಿಂಗಳು ತುಂಬಿತು. ಅಟ್ಟದ ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಎನ್ನುತ್ತಿತ್ತು. ಇಳಿಸುವ ದಿನ ಬೆಳಿಗ್ಗೆಯೇ ನಿಜಾಮುದ್ದೀನ್ ಬಸ್ಸಿಳಿದು ಬಂದ. ಕುತ್ತಿಗೆಯಲ್ಲಿ ಟೇಪು, ಕೈಚೀಲದಲ್ಲಿ ಕತ್ತರಿ. ಅಂಗಳದಲ್ಲಿ ಮಾರಯ್ಯ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಸಿಪ್ಪೆ ಸುಲಿಯುತ್ತಿದ್ದ. ಕೆಂಪಕ್ಕ ಚಿಪ್ಪು ಒಡೆದು ದುಂಡಗಿನ ಕೊಬ್ಬರಿಯನ್ನು ಗೋಣಿಯ ಮೇಲೆ ಹಾಕುತ್ತಿದ್ದಳು.

"ಅಂಗಿ ಬಿಚ್ಚು ಭಾಯ್" ಎಂದ ನಿಜಾಮುದ್ದೀನ್.

ಈರಣ್ಣ ಬಿಚ್ಚಿದ. ಟೇಪು ಮೂವತ್ತಮೂರು ತೋರಿಸಿತು. "ಯಾ ಅಲ್ಲಾ!" ಎಂದು ನಿಜಾಮುದ್ದೀನ್ ಇನ್ನೊಮ್ಮೆ ಅಳೆದ. ಅಷ್ಟೇ ಇತ್ತು. ಹೊಂಬಾಳಮ್ಮನ ಮುಖ ಊರಗಲವಾಯಿತು. ಆದರೆ ಪಂಥ ಇಂಚಿನದಲ್ಲವಲ್ಲ! ಈರಣ್ಣ ಉಸಿರು ಬಿಗಿಹಿಡಿದ. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಹೊಟ್ಟೆ ಹಲಗೆಯಂತೆ ಚಪ್ಪಟೆಯಾಗಿತ್ತು, ಹಲಗೆಯಂತೆಯೇ ನುಣ್ಣಗೂ ಇತ್ತು. ಒಂದು ಗೆಣ್ಣೂ ಇಲ್ಲ. ಇನ್ನೊಮ್ಮೆ ಬಿಗಿದ. ಇಲ್ಲ.

"ಬುಟ್ಬುಡು ಈರಣ್ಣ, ಇಷ್ಟು ಇಳಿಸಿದ್ದೇ ದೊಡ್ಡದು" ಎಂದ ನಿಜಾಮುದ್ದೀನ್. ಅವನ ದನಿಯೂ ಸಣ್ಣಗಾಗಿತ್ತು.

"ಮಾತು ಮಾತೇ ಕಣ್ಲಾ. ತೆಗಿ ಕತ್ರೀನ." ಈರಣ್ಣ ಕಲ್ಲಿನ ಮೇಲೆ ಕೂತು ಮುಖ ಮೇಲೆತ್ತಿದ. ಅವನ ಕಣ್ಣು ತುಂಬಿತ್ತು.

ಕತ್ತರಿ ಕಂಡ ಚಿಕ್ಕಗೌರಮ್ಮ ಒಳಗಿನಿಂದ ಓಡಿ ಬಂದಳು. "ಮೀಸೆಗೇನ್ಲಾ ಬಂತು? ನಾನಿನ್ನೂ ಬದುಕಿದ್ದೀನಿ ಕಣ್ಲಾ!"

ಈಗ ಹೇಳದೆ ವಿಧಿಯಿರಲಿಲ್ಲ. ಹೊಂಬಾಳಮ್ಮ ತಲೆ ತಗ್ಗಿಸಿಕೊಂಡು ಪಂಥದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಕೇಳುತ್ತಾ ಕೇಳುತ್ತಾ ಅತ್ತೆಯ ಮುಖ ಬಿಳಿಚಿತು. ಧೊಪ್ಪನೆ ಗೋಣಿಯ ಮೇಲೆ ಕುಸಿದು ಕೂತಳು.

"ಅಯ್ಯೋ ನನ್ ಶಿವನೇ, ನಂಗೊಂದು ಮಾತು ಹೇಳಬಾರ್ದಿತ್ತಾ? ಮಗ ಸೊರಗ್ತಾವ್ನೆ ಅಂತ ದಿನಾ ಮುದ್ದೆಗೆ ಎರಡು ಸೌಟು ತುಪ್ಪ ಕಲಸಿ ಕಟ್ಟಿಕ್ಕಿದ್ನಲ್ಲೋ!"

ಮುದ್ದೆಯನ್ನು ಅಗಿಯುವವರಾರು? ನುಂಗುವುದಷ್ಟೇ. ಹನ್ನೊಂದು ತಿಂಗಳು ಗಂಟಲಿಗೆ ತಾಕದಂತೆ ಜಾರಿದ ಮುದ್ದೆಗಳೆಲ್ಲ ಈರಣ್ಣನ ಕಣ್ಣ ಮುಂದೆ ಸಾಲಾಗಿ ಬಂದವು. ತಾನು ಮೈ ತರಚಿಕೊಂಡು ಮರದ ಮೇಲೆ ಕಳೆದದ್ದನ್ನೆಲ್ಲ ಅವ್ವ ಒಲೆಯ ಮುಂದೆ ಕೂತು ತುಂಬಿಸಿದ್ದಳು! ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಮೊದಲು ಭುಜ ಕುಲುಕಿತು, ಆಮೇಲೆ ತಡೆಯಲಾಗದೆ ಕಲ್ಲಿನಿಂದ ಎದ್ದು ನಿಂತು ಹೋ ಎಂದು ನಕ್ಕ.

"ಬಂತು! ಬಂತು!" ಮಾರಯ್ಯ ಕಾಯಿ ಬಿಸಾಕಿ ಕಿರುಚಿದ. "ಹೊಟ್ಟೆ ನೋಡ್ರೋ!"

ನಗುವಿನ ಒಂದೊಂದು ಅಲೆಗೂ ಈರಣ್ಣನ ಹೊಟ್ಟೆ ಬಿಗಿದು ಚರ್ಮದಡಿಯಿಂದ ಗೆಣ್ಣುಗಳು ಎದ್ದು ನಿಲ್ಲುತ್ತಿದ್ದವು. ನಿಜಾಮುದ್ದೀನ್ ಮಂಡಿಯೂರಿ ಕೂತು ಬೆರಳಿಟ್ಟು ಎಣಿಸಿದ. "ಏಕ್, ದೋ... ನಗ್ತಾ ಇರು, ನಿಲ್ಲಿಸ್ಬೇಡ! ತೀನ್, ಚಾರ್..." ಅಲ್ಲಿಗೆ ನಿಂತಿತು. ಹೊಕ್ಕುಳಿನ ಕೆಳಗೆ ಇನ್ನೂ ಮೆತ್ತಗಿತ್ತು. ಎಷ್ಟು ನಕ್ಕರೂ ಕಡೆಯ ಎರಡು ಏಳಲಿಲ್ಲ.

"ಅವೆರಡು ನನ್ ತುಪ್ಪದ್ವು" ಎಂದಳು ಚಿಕ್ಕಗೌರಮ್ಮ ಅಳುತ್ತಾ.

ನಿಜಾಮುದ್ದೀನ್ ಲೆಕ್ಕ ಹಾಕಿದ. ಪಂಥ ಸೋತಂತೆಯೂ ಅಲ್ಲ, ಗೆದ್ದಂತೆಯೂ ಅಲ್ಲ. ಕೊನೆಗೆ ಕತ್ತರಿ ಎತ್ತಿಕೊಂಡು, ಶೆರವಾನಿಯ ಅಂಚು ಕತ್ತರಿಸುವಷ್ಟು ನಿಗಾ ಇಟ್ಟು, ಮೀಸೆಯ ಎಡತುದಿಯಿಂದ ಒಂದು ಬೆರಳು, ಬಲತುದಿಯಿಂದ ಒಂದು ಬೆರಳು ಕಚಕ್ ಕಚಕ್ ಎನಿಸಿದ. "ಎರಡು ಗೆಣ್ಣಿಗೆ ಎರಡು ತುದಿ. ಹಿಸಾಬ್ ಬರಾಬರ್" ಎಂದ. ಕೆಂಪಕ್ಕ ಚಪ್ಪಾಳೆ ತಟ್ಟಿದಳು. ಹೊಂಬಾಳಮ್ಮ ಎಲ್ಲರೆದುರಿಗೇ ಗಂಡನ ಹೊಟ್ಟೆಯನ್ನು ಒಂದು ಬೆರಳಿನಿಂದ ತಿವಿದು ಒಳಗೆ ಓಡಿದಳು.

ಮಧ್ಯಾಹ್ನ ಗೆಳೆಯರಿಬ್ಬರೂ ಊಟಕ್ಕೆ ಕೂತರು. ಚಿಕ್ಕಗೌರಮ್ಮ ಮುದ್ದೆ ಬಡಿಸಿದಳು, ಹುರುಳಿ ಸಾರು ಬಿಟ್ಟಳು. ತುಪ್ಪದ ಗಿಂಡಿ ಒಲೆಯ ಪಕ್ಕದಲ್ಲೇ ಇತ್ತು. ಅವಳು ಅದರ ಕಡೆ ನೋಡಲಿಲ್ಲ. ಗೋಡೆಗೆ ಒರಗಿ ಕೂತಳು. ಈರಣ್ಣ ಬಗ್ಗಿ ಒಂದು ತುತ್ತು ನುಂಗಿದ. ಈ ಸಲ ಮೀಸೆ ಸಾರಿಗೆ ತಾಕಲಿಲ್ಲ. ಮುದ್ದೆ ಮಾತ್ರ ಗಂಟಲಲ್ಲಿ ಒರಟಾಗಿ ಇಳಿಯಿತು.

ಅವನು ಹೆಬ್ಬೆರಳಿನಿಂದ ಮುದ್ದೆಯ ನೆತ್ತಿಯಲ್ಲಿ ಒಂದು ಗುಳಿ ಮಾಡಿ ತಟ್ಟೆಯನ್ನು ಅವ್ವನ ಕಡೆ ಸರಿಸಿದ.